ವಾರ್ಷಿಕ ಯೋಜನೆಯ ಆ ಕಾಲಂನಲ್ಲಿ ನೀವೇನು ಬರೆಯುತ್ತೀರಿ? ಮಕ್ಕಳ ಆಲೋಚನೆಗೆ ಗುರಿ ಇಡುವ ಬಗ್ಗೆ

ಒಂಬತ್ತನೇ_ಬಿ · ಮೇ 24, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆ ತೆರೆಯಲು ಇನ್ನೊಂದು ವಾರವಿದೆ, ವಾರ್ಷಿಕ ಯೋಜನೆ ಬರೆಯಲು ಕೂತಿದ್ದೇನೆ. ನಮ್ಮ ನಮೂನೆಯಲ್ಲಿ ಪ್ರತಿ ಪಾಠದ ಮುಂದೆ "ಬೆಳೆಸಬೇಕಾದ ಕೌಶಲಗಳು" ಎಂದು ಒಂದು ಕಾಲಂ ಇದೆ. ಹೋದ ವರ್ಷದ ಪುಸ್ತಕ ತೆಗೆದು ನೋಡಿದೆ. ಎಲ್ಲ ಪಾಠಗಳ ಮುಂದೆಯೂ ನನ್ನದೇ ಅಕ್ಷರದಲ್ಲಿ ಒಂದೇ ವಾಕ್ಯ: "ವಿದ್ಯಾರ್ಥಿಗಳು ವಿಮರ್ಶಾತ್ಮಕವಾಗಿ ಆಲೋಚಿಸುವರು." ಕೆಳಗೆ ಮುಖ್ಯೋಪಾಧ್ಯಾಯರ ಸಹಿ, ಭೇಟಿಗೆ ಬಂದ ಅಧಿಕಾರಿಗಳ ಸಹಿ. ಆಲೋಚಿಸಿದರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮಾರ್ಚ್‌ನಲ್ಲಿ ನಡೆದದ್ದನ್ನು ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗುವುದಿಲ್ಲ. ಆವಿಯಾಗುವಿಕೆಯ ಪಾಠ ನಮ್ಮ ಒಂಬತ್ತನೇ ತರಗತಿಯವರಿಗೆ ಬಾಯಿಪಾಠ. ತಾಪ, ಮೇಲ್ಮೈ ವಿಸ್ತೀರ್ಣ, ಗಾಳಿಯ ವೇಗ, ಆರ್ದ್ರತೆ ಎಂದು ನಾಲ್ಕೂ ಅಂಶಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ವರ್ಷದ ಕೊನೆಯ ಕಿರುಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಕೊಟ್ಟೆ. "ಒಬ್ಬಳು ತೆಳ್ಳನೆಯ ಕರ್ಚೀಫನ್ನು ಬಿಸಿಲಲ್ಲಿ, ದಪ್ಪ ಟವೆಲನ್ನು ನೆರಳಲ್ಲಿ ಒಣಹಾಕಿದಳು. ಕರ್ಚೀಫು ಮೊದಲು ಒಣಗಿತು. ಬಿಸಿಲಿನಿಂದಲೇ ಬೇಗ ಒಣಗಿತು ಎಂದು ಇದರಿಂದ ಹೇಳಬಹುದೇ?"

41 ಮಕ್ಕಳಲ್ಲಿ 36 ಜನ "ಹೌದು, ತಾಪ ಹೆಚ್ಚಾದಂತೆ ಆವಿಯಾಗುವಿಕೆ ಹೆಚ್ಚುತ್ತದೆ" ಎಂದು ಬರೆದರು. ತರಗತಿಗೆ ಮೊದಲು ಬರುವ ಹುಡುಗನೂ ಹಾಗೇ ಬರೆದಿದ್ದ. ಬಟ್ಟೆಯೂ ಬೇರೆ, ಜಾಗವೂ ಬೇರೆ, ಹಾಗಾಗಿ ಹೇಳಲಾಗದು ಎಂದವರು 5 ಜನ. ಅವರಲ್ಲಿ ಒಬ್ಬಳು ಯಾವ ಪರೀಕ್ಷೆಯಲ್ಲೂ 35 ದಾಟದ ಹುಡುಗಿ. ಮನೆಯ ಬಟ್ಟೆ ಒಗೆಯುವವಳು ಅವಳೇ.

ಆ ಉತ್ತರಪತ್ರಿಕೆಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಈ ವರ್ಷ ಆ ಕಾಲಂನಲ್ಲಿ ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಅಕ್ಟೋಬರ್‌ನಲ್ಲಿ ನಾನೇ ಕೂತು ನೋಡಿ "ಆಯಿತು" ಅಥವಾ "ಆಗಲಿಲ್ಲ" ಎನ್ನುವಂಥ ಗುರಿಯನ್ನು ಮಕ್ಕಳ ಆಲೋಚನೆಗೆ ಇಡುವುದು ಹೇಗೆ? ನಿಮ್ಮ ತರಗತಿಯಲ್ಲಿ ಏನು ಮಾಡುತ್ತೀರಿ ಎಂದು ಬರೆಯಿರಿ.

ಲೆಕ್ಕದ_ಮೇಷ್ಟ್ರು · ಮೇ 24, ರಾತ್ರಿ 10:35

ಮೇಡಂ, ನನ್ನದು ಒಂದೇ ಗುರಿ, ಎರಡು ವರ್ಷದಿಂದ ಅದನ್ನೇ ಹಿಡಿದಿದ್ದೇನೆ. ಆರನೇ ತರಗತಿಯ ಮಗು ಉತ್ತರ ಬರೆದ ಮೇಲೆ "ಇದು ಆಗುವ ಮಾತೇ?" ಎಂದು ಒಮ್ಮೆ ತಿರುಗಿ ನೋಡಬೇಕು. ಅಷ್ಟೇ.

ವಾರಕ್ಕೊಂದು ದಿನ ತಪ್ಪಾಗಿ ಬಿಡಿಸಿದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. 1/2 + 1/3 = 2/5 ಎಂದು ಬರೆದು ಸುಮ್ಮನೆ ನಿಲ್ಲುತ್ತೇನೆ. ಮೊದಲೆಲ್ಲ "ಲಸಾಅ ತೆಗೆಯಬೇಕು ಸಾರ್" ಎಂದು ವಿಧಾನ ಹೇಳುತ್ತಿದ್ದರು. ವಿಧಾನ ಬೇಡ, ಇದು ತಪ್ಪೆಂದು ಲೆಕ್ಕ ಮಾಡದೆ ತೋರಿಸಿ ಎನ್ನುತ್ತೇನೆ. ಈಗೀಗ ಯಾರಾದರೂ ಒಬ್ಬರು "ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗ್ತದೆ ಸಾರ್" ಎನ್ನುತ್ತಾರೆ. 2/5 ಅರ್ಧಕ್ಕಿಂತ ಕಡಿಮೆ ಎಂದು ಕಂಡುಕೊಂಡ ಮಗು ಅದು. ನಾನು ಬಯಸಿದ್ದು ಅದನ್ನೇ.

ನಿಮ್ಮ ಕಾಲಂನಲ್ಲಿ ಒಂದೇ ವಾಕ್ಯ ಬರೆಯಿರಿ, ಆದರೆ ಅದು ಮಗು ಕೈಯಾರೆ ಮಾಡುವ ಕೆಲಸವಾಗಿರಲಿ.

ತರಬೇತಿ_ಕೊಠಡಿ · ಮೇ 25, ಬೆಳಿಗ್ಗೆ 7:10

ಬಿ.ಇಡಿ. ವಿದ್ಯಾರ್ಥಿಗಳಿಗೆ ಕಲಿಸುವವನು ನಾನು. ಆ "ಆಲೋಚಿಸುವರು" ಎಂಬ ವಾಕ್ಯ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ನಾವೆಲ್ಲ ಪಾಠ ಯೋಜನೆಯಲ್ಲಿ ಬರೆಯುವ ಜ್ಞಾನ, ತಿಳಿವಳಿಕೆ, ಅನ್ವಯ ಎಂಬ ಉದ್ದೇಶಗಳಿಗೆ ಮೂಲ 1956ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ವರ್ಗೀಕರಣ. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂದು ಆರು ಹಂತ. 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಅದನ್ನು ತಿದ್ದಿ ನಾಮಪದಗಳನ್ನೆಲ್ಲ ಕ್ರಿಯಾಪದ ಮಾಡಿದರು, ತುದಿಯಲ್ಲಿ ಸೃಷ್ಟಿಸುವುದನ್ನು ಇಟ್ಟರು. ಬ್ಲೂಮ್ 1957-58ರಲ್ಲಿ ಭಾರತಕ್ಕೇ ಬಂದು ಪರೀಕ್ಷಾ ಸುಧಾರಣೆಯ ಕಮ್ಮಟಗಳನ್ನು ನಡೆಸಿದ್ದರು. ನಮ್ಮ ಪ್ರಶ್ನೆಪತ್ರಿಕೆಗಳ ನೀಲನಕ್ಷೆಯಲ್ಲಿ ಉದ್ದೇಶಕ್ಕೆ ಇಷ್ಟು ಅಂಕ ಎಂದು ಹಂಚುವ ರೂಢಿಯ ಬೇರು ಅಲ್ಲಿದೆ.

ಈಗ ಮುಖ್ಯ ಮಾತು. ಆ ವರ್ಗೀಕರಣ ಹುಟ್ಟಿದ್ದು ಪ್ರಶ್ನೆ ತಯಾರಿಸುವ ಪರೀಕ್ಷಕರ ನಡುವೆ. ಒಂದು ಪ್ರಶ್ನೆ ಯಾವ ಹಂತದ್ದು ಎಂದು ತೀರ್ಮಾನಿಸಲು ಆ ಮಗು ಮೊದಲು ಏನು ಕಲಿತಿದೆ ಎಂಬುದು ಗೊತ್ತಿರಬೇಕು ಎಂದು ಅವರೇ ಹೇಳಿದ್ದರು. ನಾವು ಅದನ್ನು ಮರೆತು ಕ್ರಿಯಾಪದಗಳ ಪಟ್ಟಿಯನ್ನು ಮಾತ್ರ ಇಟ್ಟುಕೊಂಡೆವು. "ಹೋಲಿಸಿ" ಎಂದರೆ ಮೇಲಿನ ಹಂತ, "ಹೆಸರಿಸಿ" ಎಂದರೆ ಕೆಳಗಿನ ಹಂತ ಎಂದು ಕಣ್ಣು ಮುಚ್ಚಿ ಗುರುತು ಹಾಕುತ್ತೇವೆ. ಆದರೆ "ಸಸ್ಯಕೋಶ ಮತ್ತು ಪ್ರಾಣಿಕೋಶಗಳನ್ನು ಹೋಲಿಸಿ" ಎಂಬ ಪ್ರಶ್ನೆಗೆ ಗೈಡಿನಲ್ಲಿ ಕೋಷ್ಟಕವಿದೆ. ಅದನ್ನು ಉರು ಹೊಡೆದು ಬರೆದ ಮಗು ಮಾಡಿದ್ದು ಸ್ಮರಣೆ. ಅದೇ ಮಗುವಿಗೆ ತಾನು ಎಂದೂ ನೋಡದ ಒಂದು ಕೋಶದ ಚಿತ್ರ ಕೊಟ್ಟು "ಇದು ಯಾವುದರದ್ದು, ಏನನ್ನು ನೋಡಿ ಹೇಳಿದೆ?" ಎಂದು ಕೇಳಿದರೆ ಆಗ ಆಲೋಚನೆ ಬೇಕಾಗುತ್ತದೆ.

ನಿಮ್ಮ ಕರ್ಚೀಫು-ಟವೆಲಿನ ಪ್ರಶ್ನೆ ಒಳ್ಳೆಯದಾಗಿರುವುದು ಮಕ್ಕಳು ಅದನ್ನು ಹಿಂದೆ ಕಂಡಿರಲಿಲ್ಲ ಎಂಬ ಕಾರಣಕ್ಕೆ. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿದರೆ, ಅಣ್ಣ ಅಕ್ಕಂದಿರಿಂದ ಉತ್ತರ ತಿಳಿದು ಬರುವ ಮಗು ನೆನಪನ್ನಷ್ಟೇ ತೋರಿಸುತ್ತದೆ. ಹಾಗಾಗಿ ಗುರಿ ಬರೆಯುವಾಗ ಮೂರು ವಿಷಯ ಹೇಳಿಕೊಳ್ಳಿ: ಮಗು ಏನು ಮಾಡಬೇಕು, ಯಾವ ಹೊಸ ಸನ್ನಿವೇಶದಲ್ಲಿ, ಯಾರ ಸುಳಿವೂ ಇಲ್ಲದೆಯೋ ಅಥವಾ ಸುಳಿವಿನೊಂದಿಗೋ.

ಒಂಬತ್ತನೇ_ಬಿ · ಮೇ 25, ಬೆಳಿಗ್ಗೆ 8:02

ಸರ್, "ಹೊಸ ಸನ್ನಿವೇಶ" ಎಂಬ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಹದಿನಾಲ್ಕು ವರ್ಷದಿಂದ ನೀಲನಕ್ಷೆ ತುಂಬಿದ್ದೇನೆ, ಯಾರೂ ಇದನ್ನು ಹೀಗೆ ಹೇಳಿರಲಿಲ್ಲ. ಮೇಷ್ಟ್ರೇ, ನಿಮ್ಮ ರೊಟ್ಟಿಯ ಮಾತನ್ನು ನಮ್ಮ ಗಣಿತದವರಿಗೆ ಕಳಿಸಿದೆ.

ನಲಿಕಲಿ_ಅಕ್ಕೋರು · ಮೇ 25, ಮಧ್ಯಾಹ್ನ 2:20

ನಾ ಧಾರವಾಡ ಜಿಲ್ಲಾದಾಕಿ, ಒಂದರಿಂದ ಮೂರನೇ ಇಯತ್ತೆ ತನಕ ನಲಿ-ಕಲಿ, ಅಂದ್ರ ಚಟುವಟಿಕೆ ಮಾಡ್ಕೋತ ಕಲಿಯೋ ಪದ್ಧತಿ, ಕಲಸ್ತೀನ್ರಿ. ನಮ್ಮ ಕಡೆ ಮಾತಿನ್ಯಾಗ ಬರೀತೀನಿ.

ದೊಡ್ಡ ಮಕ್ಕಳಿಗೆ ಮಾತ್ರ ಆಲೋಚನಾ ಗುರಿ ಅಂತ ಅನ್ಕೋಬ್ಯಾಡ್ರಿ. ನಲಿ-ಕಲಿ 1995ರಾಗ ಹೆಗ್ಗಡದೇವನಕೋಟೆ ಕಡೆ ಶುರು ಆದಾಗಿಂದ ಮಗು ತನ್ನ ವೇಗಕ್ಕ ಏಣಿ ಹತ್ತಬೇಕು ಅನ್ನೋದ ಅದರ ತಿರುಳು. ನಮ್ಮ ಕೋಣ್ಯಾಗ ಹವಾಮಾನ ನಕ್ಷೆ ಅಂತ ಇರ್ತೈತಿ, ದಿನಾ ಮಕ್ಕಳು ಬಿಸಿಲೋ ಮೋಡಾನೋ ಮಳೀನೋ ನೋಡಿ ಚಿತ್ರ ಹಚ್ಚತಾರ. ಭಾಳ ಕಡೆ ಅದು ಬರೇ ಹಚ್ಚೋ ಕೆಲಸ ಆಗಿಬಿಟ್ಟೈತಿ. ನಾ ಒಂದು ಪ್ರಶ್ನಿ ಸೇರಸೀನಿ: "ನಿನಗ ಹ್ಯಾಂಗ ಗೊತ್ತಾತು?"

ಹೋದ ಜುಲೈದಾಗ ಎರಡನೇತ್ತದ ಹುಡುಗ ಮೋಡ ಹಚ್ಚಿದ. ಇನ್ನೊಬ್ಬಾಕಿ ಬಿಸಿಲು ಅಂದ್ಲು. ಜಗಳಾ ಆತು. "ಹೊರಗ ಹೋಗಿ ನಿಮ್ಮ ನೆರಳು ನೋಡ್ಕೊಂಡು ಬರ್ರಿ" ಅಂದೆ. ಬಂದು, "ಅಕ್ಕೋರ, ಒಮ್ಮೆ ನೆರಳು ಬರತೈತಿ ಒಮ್ಮೆ ಹೋಗತೈತಿ, ಎರಡೂ ಹಚ್ಚೋಣ" ಅಂದ್ರು. ಅವತ್ತಿಂದ ನಮ್ಮ ನಕ್ಷ್ಯಾಗ ಎರಡೂ ಹಚ್ಚೋದಕ್ಕ ಜಾಗ ಮಾಡೀವಿ. ನನ್ನ ವರ್ಷದ ಗುರಿ ಇಷ್ಟ: ಮೂರನೇತ್ತ ಮುಗಿಸೂದ್ರಾಗ ಮಗು ಏನರ ಹೇಳಿದ್ರ ಅದರ ಹಿಂದ "ಯಾಕಂದ್ರ" ಅಂತ ತಾನ ಸೇರಸಬೇಕು, ನಾ ಕೇಳೋದಕ್ಕಿಂತ ಮೊದಲು.

ಇನ್ನೊಂದು. ನಮ್ಮಲ್ಲಿ ಲಂಬಾಣಿ ತಾಂಡಾದ ಮಕ್ಕಳು ಅದಾರ, ಮನ್ಯಾಗ ಉರ್ದು ಮಾತಾಡೋರು ಅದಾರ. "ಯಾಕಂದ್ರ" ಅಂತ ಕನ್ನಡದಾಗ ಹೇಳಾಕ ಬರದ ಮಗೂಗ ಆಲೋಚನಾನ ಇಲ್ಲ ಅಂತ ತಿಳೀಬ್ಯಾಡ್ರಿ. ಮೊದಲು ಅವರ ಮಾತಿನ್ಯಾಗ ಗೆಳೆಯಾಗ ಹೇಳ್ಲಿ, ಆಮ್ಯಾಲೆ ಕನ್ನಡದಾಗ. ಗುರಿ ಬರಿಯೋವಾಗ ಇದನ್ನ ಬಿಟ್ರ ಅಂಥಾ ಮಕ್ಕಳು ಯಾವಾಗ್ಲೂ "ಸಾಧಿಸಿಲ್ಲ" ಅನ್ನೋ ಸಾಲಿನ್ಯಾಗ ಉಳೀತಾರ.

ಹತ್ತನೇ_ತರಗತಿ_ಹೊಣೆ · ಮೇ 25, ರಾತ್ರಿ 9:15

ಎಲ್ಲವನ್ನೂ ಓದಿದೆ. ಮನಸ್ಸಿಗೆ ಹಿಡಿಸಿತು. ಆದರೂ ಬೇರೆ ಮಾತು ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ನನ್ನದು ಹತ್ತನೇ ತರಗತಿ, ಸಮಾಜ ಮತ್ತು ಕನ್ನಡ ಎರಡನ್ನೂ ನೋಡಿಕೊಳ್ಳುತ್ತೇನೆ. ಜೂನ್‌ನಿಂದಲೇ ವಿಶೇಷ ತರಗತಿ, ನವೆಂಬರ್‌ನಿಂದ ಸರಣಿ ಪರೀಕ್ಷೆ, ಜನವರಿಯಿಂದ ಪಾಸಿಂಗ್ ಪ್ಯಾಕೇಜ್, ಅಂದರೆ ತೇರ್ಗಡೆಗೆ ಬೇಕಾದಷ್ಟು ಪ್ರಶ್ನೋತ್ತರಗಳನ್ನು ಉರು ಹೊಡೆಸುವುದು. ಫಲಿತಾಂಶ ಕುಸಿದರೆ ಕಾರಣ ಕೇಳಿ ನೋಟಿಸ್ ಬರುತ್ತದೆ, ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ನಮ್ಮೂರಲ್ಲಿ ಹತ್ತನೇ ತರಗತಿಯಲ್ಲಿ ಫೇಲಾದ ಹುಡುಗಿಯನ್ನು ಮತ್ತೆ ಪರೀಕ್ಷೆಗೆ ಕೂರಿಸುವುದಿಲ್ಲ, ಗಂಡು ನೋಡುತ್ತಾರೆ. ಎರಡು ವರ್ಷದ ಹಿಂದೆ 4 ಅಂಕದಲ್ಲಿ ಹೋದ ಹುಡುಗಿ ಈಗ ಕೂಸು ಎತ್ತಿಕೊಂಡು ಶಾಲೆಯ ಮುಂದೆ ಹಾದುಹೋಗುತ್ತಾಳೆ, ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾಳೆ. ತಲೆ ತಗ್ಗಿಸಬೇಕಾದವಳು ಅವಳಲ್ಲ.

ಆ ಹುಡುಗಿಗೆ ನಾನು ಆ ವರ್ಷ ಆಲೋಚನೆ ಕಲಿಸಬೇಕಿತ್ತೋ, ಉತ್ತರ ಉರು ಹೊಡೆಸಿ ಆ 4 ಅಂಕ ಕೊಡಿಸಬೇಕಿತ್ತೋ? ನನಗೆ ಉತ್ತರ ಗೊತ್ತು. ನಿಮ್ಮ ಗುರಿಗಳಿಗೆ ನನ್ನ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ತೋರಿಸಿ, ಕೈ ಮುಗಿಯುತ್ತೇನೆ.

ಹಳೇ_ಹಾಜರಿಪುಸ್ತಕ · ಮೇ 26, ಬೆಳಿಗ್ಗೆ 6:40

ತಂಗಿ, ನಿವೃತ್ತನಾಗಿ ಒಂಬತ್ತು ವರ್ಷವಾಯಿತು, ಆದರೂ ನಿನ್ನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಪಾಸಿಂಗ್ ಪ್ಯಾಕೇಜ್ ಬಿಟ್ಟುಬಿಡು ಎಂದು ಹೇಳುವ ಹಕ್ಕು ಈ ವೇದಿಕೆಯಲ್ಲಿ ಯಾರಿಗೂ ಇಲ್ಲ. ಹತ್ತನೇ ತರಗತಿಯ ಜನವರಿಯಿಂದ ಮಾರ್ಚ್‌ವರೆಗೆ ಆ ಮಕ್ಕಳನ್ನು ದಡ ಮುಟ್ಟಿಸುವುದೇ ಧರ್ಮ.

ಆದರೆ ಎಂಟು, ಒಂಬತ್ತನೇ ತರಗತಿಗಳ ಎರಡು ವರ್ಷವನ್ನೂ ನಾವು ಹತ್ತನೆಯದರ ನೆರಳಲ್ಲೇ ಕಳೆಯುತ್ತೇವೆ. ನನ್ನ ಕಾಲದಲ್ಲೂ ಹಾಗೇ ಆಯಿತು, ಅದಕ್ಕೇ ಹೇಳುತ್ತಿದ್ದೇನೆ. ಆ ಎರಡು ವರ್ಷದಲ್ಲಿ ಕೆಲಸ ನಡೆದರೆ ಹತ್ತನೆಯದಕ್ಕೆ ಉರು ಹೊಡೆಸುವ ಹೊರೆ ಇಳಿಯುತ್ತದೆ ಎಂಬುದು ನನ್ನ ಅನುಭವ. ಪೂರ್ತಿ ಹೋಗುತ್ತದೆ ಎನ್ನುವುದಿಲ್ಲ.

ಪೀರಿಯಡ್ ಕೇಳಿದೆಯಲ್ಲ, ಪೀರಿಯಡ್ ಬೇಡ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಕಂಡುಕೊಂಡರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳು ಬಾಯಿ ಬಿಟ್ಟರು, "ಗೊತ್ತಿಲ್ಲ" ಕಡಿಮೆಯಾಯಿತು. ಒಂದು ಶಿಬಿರದಲ್ಲಿ ಇದನ್ನು ಕೇಳಿ ಬಂದು ನಾನೂ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರ ತನಕ ಎಣಿಸಲು ಶುರುಮಾಡಿದೆ. ಮೊದಲ ವಾರ ಆ ಮೌನ ತಡೆಯಲಾಗಲಿಲ್ಲ. ಹಿಂದಿನ ಬೆಂಚಿನಿಂದ ಮೊದಲ ಉತ್ತರ ಬಂದದ್ದು ಎರಡನೇ ವಾರ. ಹಾಗಾಗಿ ಮೊದಲ ಗುರಿಯನ್ನು ಮಕ್ಕಳಿಗಿಂತ ಮುಂಚೆ ನಮಗೇ ಬರೆದುಕೊಳ್ಳಬೇಕು.

ಇನ್ನೊಂದು ಹೇಳಿ ಮುಗಿಸುತ್ತೇನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದರು. ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ ಸೇರಿತು. ನಾವು ಆಗ ಹುಡುಗರು. ಒಬ್ಬ ಮೇಷ್ಟ್ರು ಊರಿಗೇ ಎದುರಾಗಿ "ಪರೀಕ್ಷಿಸೋಣ" ಎನ್ನಬಹುದು ಎಂದು ನಮಗೆ ಗೊತ್ತಾದದ್ದು ಆಗ. ಮಗು ಪ್ರಶ್ನಿಸಬೇಕೆಂದು ಗುರಿ ಬರೆದ ಮೇಲೆ, ಆ ಪ್ರಶ್ನೆ ನಮ್ಮ ಕಡೆಗೇ ತಿರುಗಿದ ದಿನ ಸಿಟ್ಟಾಗಬಾರದು.

ತರಬೇತಿ_ಕೊಠಡಿ · ಮೇ 26, ಬೆಳಿಗ್ಗೆ 11:30

ಹತ್ತನೇ ತರಗತಿಯ ಮೇಡಂ ಮಾತಿನಲ್ಲಿ ಇನ್ನೊಂದು ಸತ್ಯವಿದೆ, ಅದನ್ನು ನಾವು ಒಪ್ಪಬೇಕು. ವಿಷಯ ಗೊತ್ತಿಲ್ಲದೆ ಆಲೋಚನೆ ಗಾಳಿಯಲ್ಲಿ ನಡೆಯುವುದಿಲ್ಲ. 1973ರಲ್ಲಿ ವಿಲಿಯಂ ಚೇಸ್, ಹರ್ಬರ್ಟ್ ಸೈಮನ್ ಅವರು ಚದುರಂಗದ ನಿಪುಣರಿಗೆ ನಿಜವಾದ ಆಟದ ಮಣೆಯನ್ನು ಕೆಲವೇ ಸೆಕೆಂಡು ತೋರಿಸಿ ನೆನಪಿನಿಂದ ಜೋಡಿಸಲು ಹೇಳಿದರು. ನಿಪುಣರು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಇಟ್ಟು ತೋರಿಸಿದಾಗ ಆ ಅಂತರವೆಲ್ಲ ಹೆಚ್ಚುಕಡಿಮೆ ಅಳಿಸಿಹೋಯಿತು. ಅಂದರೆ ಅವರ ಚುರುಕು ಆ ಆಟದ ತಿಳಿವಳಿಕೆಗೆ ಅಂಟಿಕೊಂಡಿತ್ತು.

ಇದರಿಂದ ನಾನು ತಿಳಿದದ್ದು ಇಷ್ಟು: "ವಿಮರ್ಶಾತ್ಮಕ ಆಲೋಚನೆ" ಎಂಬ ಒಂದೇ ಗುರಿಯನ್ನು ಎಲ್ಲ ವಿಷಯಕ್ಕೂ ಹಂಚುವುದು ತಪ್ಪು. ವಿಜ್ಞಾನದಲ್ಲಿ ಅದು ಒಂದು ಅಂಶವನ್ನಷ್ಟೇ ಬದಲಿಸಿ ನೋಡುವುದು. ಇತಿಹಾಸದಲ್ಲಿ "ಇದನ್ನು ಯಾರು, ಯಾರಿಗಾಗಿ ಬರೆದರು" ಎಂದು ಕೇಳುವುದು. ಗಣಿತದಲ್ಲಿ ಉತ್ತರ ಒಗ್ಗುತ್ತದೆಯೇ ಎಂದು ನೋಡುವುದು. ಪ್ರತಿ ವಿಷಯದ ಮೇಷ್ಟ್ರು ತನ್ನ ವಿಷಯದೊಳಗೇ ಗುರಿ ಹುಡುಕಬೇಕು.

ಇಂಗ್ಲೆಂಡಿನಲ್ಲಿ ಮೈಕೆಲ್ ಶೇಯರ್, ಫಿಲಿಪ್ ಏಡಿ ಅವರು 1980ರ ದಶಕದಲ್ಲಿ ವಿಜ್ಞಾನದ ಪಾಠಗಳ ಮೂಲಕವೇ ಆಲೋಚನೆ ಬೆಳೆಸುವ ಕಾರ್ಯಕ್ರಮ ನಡೆಸಿದರು. ಎರಡು ವಾರಕ್ಕೊಂದು ಪಾಠದಂತೆ ಎರಡು ವರ್ಷ. ಕೆಲವು ವರ್ಷದ ನಂತರ ಆ ಮಕ್ಕಳು ಗಣಿತ, ಇಂಗ್ಲಿಷ್ ಪರೀಕ್ಷೆಗಳಲ್ಲೂ ಮುಂದಿದ್ದರು ಎಂದು ವರದಿ ಮಾಡಿದರು. 2016ರಲ್ಲಿ ಅದೇ ಮಾದರಿಯನ್ನು ಅಲ್ಲಿನ ಅನೇಕ ಶಾಲೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಥ ಲಾಭ ಕಾಣಲಿಲ್ಲ. ಎರಡನ್ನೂ ಹೇಳುತ್ತಿದ್ದೇನೆ, ಏಕೆಂದರೆ ಯಾರಾದರೂ ಕಿಟ್ ಹಿಡಿದು ಬಂದು "ಇದರಿಂದ ಮಕ್ಕಳ ಆಲೋಚನೆ ಬೆಳೆದೇ ಬೆಳೆಯುತ್ತದೆ" ಎಂದರೆ ನಂಬುವ ಮೊದಲು ಕೇಳಬೇಕು.

ಶಾಸನದ_ಕಲ್ಲು · ಮೇ 26, ಸಂಜೆ 5:45

ಇತಿಹಾಸದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಬಾಗಲಕೋಟೆ ಜಿಲ್ಲೆಯವನು, ಐಹೊಳೆ ನಮಗೆ ಹತ್ತಿರ.

ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಎಂಬುದನ್ನು ಎಲ್ಲ ಮಕ್ಕಳೂ ಬರೆಯುತ್ತಾರೆ. ಆಧಾರ ಯಾವುದು ಎಂದರೆ "ಐಹೊಳೆ ಶಾಸನ, ರವಿಕೀರ್ತಿ, 634" ಎನ್ನುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಈಗ ನನ್ನ ಗುರಿ: ಮಗು ಒಂದು ಆಧಾರವನ್ನು ಕಂಡಾಗ "ಬರೆದವನಿಗೂ ರಾಜನಿಗೂ ಏನು ಸಂಬಂಧ? ಬೇರೆ ಯಾರಾದರೂ ಇದನ್ನೇ ಹೇಳಿದ್ದಾರೆಯೇ?" ಎಂಬ ಎರಡು ಪ್ರಶ್ನೆಯನ್ನು ತಾನಾಗಿ ಕೇಳಬೇಕು.

ಮೇಗುಟಿ ಬಸದಿಗೆ ಕರೆದೊಯ್ದು ಆ ಕಲ್ಲಿನ ಮುಂದೆ ನಿಲ್ಲಿಸಿ, ಹರ್ಷನ ಹರ್ಷವೇ ಅಳಿದುಹೋಯಿತು ಎಂದು ಕವಿ ಶ್ಲೇಷೆ ಮಾಡಿರುವುದನ್ನು ಹೇಳಿದೆ. ಒಬ್ಬ ಹುಡುಗ ಕೇಳಿದ, "ಸರ್, ಅವನು ಪುಲಕೇಶಿಯ ಆಸ್ಥಾನದವನಲ್ಲವೇ, ಹೊಗಳಲೇಬೇಕಲ್ಲ, ನಂಬುವುದು ಹೇಗೆ?" ಇದಕ್ಕಾಗಿಯೇ ಕಾದಿದ್ದೆ. ಆಮೇಲೆ ಹ್ಯೂಯೆನ್ ತ್ಸಾಂಗನ ಮಾತು ತೆಗೆದೆ. ಅವನು ಚೀನಾದ ಯಾತ್ರಿಕ, ಹರ್ಷನ ಆದರ ಪಡೆದವನು. ಅವನೂ ಹರ್ಷನಿಗೆ ಪುಲಕೇಶಿಯನ್ನು ಗೆಲ್ಲಲಾಗಲಿಲ್ಲ ಎಂದೇ ಬರೆದ. ಎದುರು ಪಕ್ಷದ ಸ್ನೇಹಿತನೇ ಹೇಳಿದ ಮೇಲೆ ಮಾತಿಗೆ ತೂಕ ಬಂತು ಎಂದು ಮಕ್ಕಳು ಗುರುತಿಸಿದರು. ಅವತ್ತು ಕಲಿತ ಇಸವಿಯನ್ನು ಅವರು ಮರೆತದ್ದನ್ನು ನಾನು ಕಂಡಿಲ್ಲ.

ಈಗ ಅದೇ ಎರಡು ಪ್ರಶ್ನೆಗಳನ್ನು ವಾಟ್ಸಾಪ್‌ನಲ್ಲಿ ಬಂದ ಒಂದು ಸಂದೇಶಕ್ಕೆ ಹಾಕಿಸುತ್ತೇನೆ. ಹೊಸ ಸನ್ನಿವೇಶ ಎಂದರಲ್ಲ, ಅದು.

ಹತ್ತನೇ_ತರಗತಿ_ಹೊಣೆ · ಮೇ 26, ರಾತ್ರಿ 8:20

ಹಿರಿಯರೇ, ನಿಮ್ಮ ಮಾತಿಗೆ ಋಣಿ. ಐದರ ತನಕ ಎಣಿಸುವುದನ್ನು ಶಾಲೆ ತೆರೆದ ದಿನದಿಂದಲೇ ಮಾಡಬಲ್ಲೆ, ಅದಕ್ಕೆ ವೇಳಾಪಟ್ಟಿ ಬೇಡ. ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ, ಅದೇ ನನಗೆ ಹೆಚ್ಚು ಬೇಕಿತ್ತು.

ಗಾದೆ_ಕಟ್ಟು · ಮೇ 26, ರಾತ್ರಿ 10:05

ಮೇಡಂ, ಕನ್ನಡದ್ದು ನಾನು ಹೇಳುತ್ತೇನೆ. ಗಾದೆ ವಿಸ್ತರಣೆಯ ಪ್ರಶ್ನೆ ನಿಮಗೆ ಗೊತ್ತೇ ಇದೆ. ಎಲ್ಲರ ಉತ್ತರವೂ "ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದೇ ಶುರು. ಮಗು ಆ ಸಾಲು ಬರೆದ ಕ್ಷಣ ಗಾದೆಯನ್ನು ಪರಿಶೀಲಿಸುವ ಬಾಗಿಲು ಮುಚ್ಚಿಹೋಗುತ್ತದೆ.

ನಾನು ಗಾದೆಗಳನ್ನು ಜೋಡಿಯಾಗಿ ಕೊಡುತ್ತೇನೆ. "ಆತುರಗಾರನಿಗೆ ಬುದ್ಧಿ ಮಟ್ಟ" ಮತ್ತು "ಗಾಳಿ ಬಂದಾಗ ತೂರಿಕೋ". ಎರಡೂ ನಮ್ಮ ಹಿರಿಯರದ್ದೇ. ಒಂದು ತಡೆ ಎನ್ನುತ್ತದೆ, ಇನ್ನೊಂದು ತಡಮಾಡಬೇಡ ಎನ್ನುತ್ತದೆ. ಯಾವಾಗ ಯಾವುದು? ನಿನ್ನ ಮನೆಯಲ್ಲೋ ಊರಲ್ಲೋ ಕಂಡ ಒಂದು ಸಂಗತಿ ಹೇಳಿ ತೋರಿಸು ಎನ್ನುತ್ತೇನೆ. ಒಬ್ಬ ಹುಡುಗ ಬರೆದ: ಅಪ್ಪ ಈರುಳ್ಳಿ ಬೆಲೆ ಇನ್ನೂ ಏರುತ್ತದೆ ಎಂದು ಕಾದು ಕೊಳೆಸಿಕೊಂಡರು, ಚಿಕ್ಕಪ್ಪ ಅವಸರದಲ್ಲಿ ಸಾಲ ಮಾಡಿ ಬೋರ್ ಕೊರೆಸಿ ನೀರು ಕಾಣಲಿಲ್ಲ. ಒಂದೇ ಮನೆಯಲ್ಲಿ ಎರಡು ಗಾದೆ. ನಾನು ಅದನ್ನು ಎರಡು ಸಲ ಓದಿದೆ.

ಇದರಿಂದ ಪರೀಕ್ಷೆಯ ಅಂಕಕ್ಕೆ ನಷ್ಟವಿಲ್ಲ. ಉದಾಹರಣೆ ಸ್ವಂತದ್ದಾದರೆ ವಿಸ್ತರಣೆ ತಾನಾಗಿ ಬರುತ್ತದೆ, ಉರು ಹೊಡೆಯುವ ಹತ್ತು ಗಾದೆಗಳ ಪಟ್ಟಿ ಬೇಕಾಗುವುದಿಲ್ಲ. ನಿಧಾನವಾಗಿ ಕಲಿಯುವ ಮಕ್ಕಳಿಗೂ ಇದು ಹಗುರ.

ಕುಂದಾಪ್ರದ_ಅಪ್ಪ · ಮೇ 27, ಬೆಳಿಗ್ಗೆ 9:00

ನಾನು ಟೀಚರ್ ಅಲ್ಲ, ಏಳನೇ ಕ್ಲಾಸಿನ ಮಗಳ ಅಪ್ಪ. ಒಂದು ವಿಷಯ ಹೇಳ್ಲಿಕ್ಕೆ ಉಂಟು. ಮಗಳ ಪ್ರಗತಿ ಪತ್ರದಲ್ಲಿ ಆಲೋಚನಾ ಕೌಶಲಕ್ಕೆ "ಬಿ+" ಅಂತ ಇತ್ತು. ಏನು ಮಾಡಿದರೆ "ಎ" ಆಗ್ತದೆ ಅಂತ ಮಗಳು ಕೇಳಿದಳು, ನನಗೆ ಹೇಳ್ಲಿಕ್ಕೆ ಬರಲಿಲ್ಲ. ಇಲ್ಲಿ ಲೆಕ್ಕದ ಮೇಷ್ಟ್ರು ಬರೆದ ಹಾಗೆ "ಉತ್ತರ ಬರೆದ ಮೇಲೆ ತಿರುಗಿ ನೋಡುತ್ತಾಳೆ, ಆದರೆ ಭಿನ್ನರಾಶಿಯಲ್ಲಿ ಇನ್ನೂ ಇಲ್ಲ" ಅಂತ ಒಂದು ಸಾಲು ಇದ್ದರೆ ಮನೆಯಲ್ಲಿ ನಾವೂ ಕೂತು ಸಹಾಯ ಮಾಡ್ತೇವೆ. ಗುರಿ ಏನು ಅಂತ ಮಕ್ಕಳಿಗೂ ಗೊತ್ತಿರ್ಲಿ, ಅಷ್ಟೇ ಕೇಳಿಕೊಳ್ಳುವುದು.

ಒಂಬತ್ತನೇ_ಬಿ · ಮೇ 30, ರಾತ್ರಿ 10:20

ಎಲ್ಲರ ಮಾತನ್ನೂ ಎದುರಿಗಿಟ್ಟುಕೊಂಡು ಬರೆದೆ. ಎಲ್ಲ ಪಾಠಗಳಿಗೂ ಗುರಿ ಇಡುವ ಆಸೆ ಬಿಟ್ಟೆ. ಮೊದಲ ಅರ್ಧವರ್ಷಕ್ಕೆ ಒಂದೇ ಗುರಿ: "ಎರಡು ಸಂಗತಿಗಳನ್ನು ಹೋಲಿಸಿ ಕಾರಣ ಹೇಳುವಾಗ, ಒಂದಕ್ಕಿಂತ ಹೆಚ್ಚು ಅಂಶ ಬೇರೆಯಾಗಿದ್ದರೆ ಮಗು ಅದನ್ನು ತಾನಾಗಿ ಗುರುತಿಸಿ, ಸರಿಯಾದ ಹೋಲಿಕೆ ಹೇಗಿರಬೇಕು ಎಂದು ಹೇಳುವುದು."

ಇದನ್ನು ತರಗತಿಯ ಗೋಡೆಯ ಮೇಲೆ ಮಕ್ಕಳ ಮಾತಿನಲ್ಲಿ ಬರೆಸುತ್ತೇನೆ: "ಒಂದನ್ನೇ ಬದಲಿಸು, ಉಳಿದದ್ದು ಹಾಗೇ ಇರಲಿ." ಕುಂದಾಪುರದ ಸರ್ ಹೇಳಿದ್ದು ಸರಿ, ಗುರಿಯನ್ನು ಮಕ್ಕಳಿಂದ ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೊದಲ ಚಟುವಟಿಕೆ ಲೋಲಕ. ದಾರ, ಕಲ್ಲು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ದಾರದ ಉದ್ದ, ಕಲ್ಲಿನ ತೂಕ, ಎಷ್ಟು ದೂರ ಎಳೆದು ಬಿಟ್ಟೆವು ಎಂಬ ಮೂರರಲ್ಲಿ ತೂಗುವ ಸಮಯವನ್ನು ಬದಲಿಸುವುದು ಯಾವುದು ಎಂದು ಅವರೇ ಕಂಡುಹಿಡಿಯಬೇಕು. ಮನೆಯಲ್ಲಿ ಮಾಡಿ ನೋಡಿದೆ: 25 ಸೆಂ.ಮೀ. ದಾರಕ್ಕೆ 10 ತೂಗಾಟ (ಹೋಗಿ ಬಂದರೆ ಒಂದು) ಸುಮಾರು 10 ಸೆಕೆಂಡು, 1 ಮೀಟರ್ ದಾರಕ್ಕೆ ಸುಮಾರು 20. ಕಲ್ಲು ಬದಲಿಸಿದರೂ ಅಷ್ಟೇ. ಉದ್ದವನ್ನೂ ಕಲ್ಲನ್ನೂ ಒಟ್ಟಿಗೆ ಬದಲಿಸುವ ಗುಂಪು ಖಂಡಿತ ಇರುತ್ತದೆ, ಅವರನ್ನು ತಿದ್ದುವುದಿಲ್ಲ. ಪಕ್ಕದ ಗುಂಪು ಬಂದು ಪ್ರಶ್ನೆ ಕೇಳುವವರೆಗೂ ಕಾಯುತ್ತೇನೆ.

ಒಂಬತ್ತನೇ_ಬಿ · ಜುಲೈ 12, ರಾತ್ರಿ 9:30

ಲೋಲಕ ಆಯಿತು. ಎರಡು ಪೀರಿಯಡ್ ಎಂದುಕೊಂಡದ್ದು ನಾಲ್ಕಾಯಿತು, ಪಾಠ ಹಿಂದೆ ಬಿತ್ತು. ಏಳು ಗುಂಪುಗಳಲ್ಲಿ ಐದು ಗುಂಪು ಭಾರದ ಕಲ್ಲು ಬೇಗ ತೂಗುತ್ತದೆ ಎಂದೇ ಹಟ ಹಿಡಿದವು, ಕೈಯಲ್ಲಿ ಅಳತೆ ಇದ್ದರೂ. ತಮ್ಮ ಅಳತೆಯನ್ನೇ "ತಪ್ಪಾಗಿರಬೇಕು ಟೀಚರ್" ಎಂದು ಹೊಡೆದುಹಾಕಿದರು. ಪುಸ್ತಕಕ್ಕೆ, ಮೇಷ್ಟ್ರಿಗೆ, ಊರಿನ ಮಾತಿಗೆ ಬೆಲೆ ಕೊಟ್ಟ ಮಗು ತನ್ನ ಕಣ್ಣಿಗೆ ಬೆಲೆ ಕೊಡದಿರುವುದನ್ನು ನೋಡಿ ಬಹಳ ನೋವಾಯಿತು. ಮತ್ತೆ ಅಳೆಯಲು ಹೇಳಿದೆ, ಮೂರು ಸಲ ಅಳೆದರು. ಆಮೇಲೆ ಒಪ್ಪಿದರು.

ಒಂಬತ್ತನೇ_ಬಿ · ಅಕ್ಟೋಬರ್ 19, ರಾತ್ರಿ 8:45

ದಸರಾ ರಜೆ ಮುಗಿಯಿತು, ಹೇಳಿದ ಮಾತಿನಂತೆ ವರದಿ ಬರೆಯುತ್ತಿದ್ದೇನೆ. ಕರ್ಚೀಫಿನ ಪ್ರಶ್ನೆ ಕೇಳಲಿಲ್ಲ. ನಮ್ಮೂರಿನದೇ ಒಂದು ಸಂಗತಿ ಕೊಟ್ಟೆ. "ಒಬ್ಬ ರೈತ ಕಾಲುವೆಯ ಮೇಲ್ಭಾಗದ ಹೊಲಕ್ಕೆ ಹೊಸ ಗೊಬ್ಬರ ಹಾಕಿದ. ಕೆಳಭಾಗದ ಹೊಲಕ್ಕೆ ಹಳೆಯ ಗೊಬ್ಬರ. ಮೇಲಿನ ಹೊಲದಲ್ಲಿ ಭತ್ತ ಹೆಚ್ಚು ಬಂತು. ಹೊಸ ಗೊಬ್ಬರವೇ ಒಳ್ಳೆಯದು ಎಂದು ಅಂಗಡಿಯವನು ಹೇಳಿದ. ನೀನು ಏನು ಹೇಳುತ್ತೀ?"

ಇವರು ಹೊಸ ತಂಡ, 39 ಮಕ್ಕಳು. 21 ಜನ ನೀರಿನ ವ್ಯತ್ಯಾಸವನ್ನು ಗುರುತಿಸಿದರು. ಅವರಲ್ಲಿ 12 ಜನ ಮಾತ್ರ ಸರಿಯಾದ ಹೋಲಿಕೆ ಹೇಗಿರಬೇಕು ಎಂದೂ ಬರೆದರು. ಉಳಿದ 18 ಜನರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಅಂಗಡಿಯವನ ಮಾತನ್ನೇ ಒಪ್ಪಿದ್ದಾರೆ. ಅಂದರೆ ಗುರಿ ಅರ್ಧ ಆಗಿದೆ, ಅರ್ಧ ಆಗಿಲ್ಲ. ವಾರ್ಷಿಕ ಯೋಜನೆಯ ಕಾಲಂನಲ್ಲಿ ಈ ಸಂಖ್ಯೆಗಳನ್ನೇ ಬರೆದೆ. ಮುಖ್ಯೋಪಾಧ್ಯಾಯರು ಓದಿ ಆ 18 ಜನ ಯಾರು ಎಂದು ಕೇಳಿದರು. ಮೊದಲ ಸಲ.

ಆ ಒಬ್ಬ ಹುಡುಗ, ಬರೆಯುವುದರಲ್ಲಿ ತುಂಬ ಹಿಂದೆ, ಹಾಳೆಯನ್ನು ಖಾಲಿ ಬಿಟ್ಟಿದ್ದ. ಕರೆದು ಬಾಯಲ್ಲಿ ಹೇಳು ಎಂದೆ. ಐದರ ತನಕ ಎಣಿಸಿದೆ. ಹತ್ತಾಯಿತು. ಆಮೇಲೆ ಹೇಳಿದ, "ಟೀಚರ್, ನಮ್ಮ ಹೊಲ ಟೇಲೆಂಡ್‌ನಾಗ ಐತ್ರಿ. ನೀರ ಬರಂಗಿಲ್ಲ. ಅಲ್ಲಿ ಏನ ಹಾಕಿದ್ರೂ ಮ್ಯಾಲಿನ ಹೊಲದ ಸಮ ಬರಂಗಿಲ್ಲ. ಎರಡೂ ಗೊಬ್ಬರ ನಮ್ಮ ಹೊಲದಾಗ ಅರ್ಧ ಅರ್ಧ ಹಾಕಿ ನೋಡ್ಬೇಕ್ರಿ." 21ನ್ನು 22 ಎಂದು ತಿದ್ದಿದೆ, 12ನ್ನು 13.

ಹತ್ತನೇ_ತರಗತಿ_ಹೊಣೆ · ಅಕ್ಟೋಬರ್ 19, ರಾತ್ರಿ 9:10

ಆ ಹುಡುಗ ಮುಂದಿನ ವರ್ಷ ನಿಮ್ಮಲ್ಲಿ ಹತ್ತನೇ ತರಗತಿಗೆ ಬರುತ್ತಾನೆ. ಬರವಣಿಗೆಗೆ ಈಗಿನಿಂದಲೇ ಕೂರಿಸಿ ಮೇಡಂ, ದಿನಕ್ಕೆ ಐದು ಸಾಲು. ಇಷ್ಟು ಹೇಳಬಲ್ಲವನು ಅಕ್ಷರದ ಕಾರಣಕ್ಕೆ ಉಳಿದುಹೋಗಬಾರದು. ನಾನು ಗಾದೆಗಳ ಜೋಡಿ ಶುರುಮಾಡಿದ್ದೇನೆ. ಡಿಸೆಂಬರ್‌ವರೆಗೆ ಮಾಡುತ್ತೇನೆ, ಆಮೇಲೆ ಪ್ಯಾಕೇಜ್.

ನಲಿಕಲಿ_ಅಕ್ಕೋರು · ಅಕ್ಟೋಬರ್ 19, ರಾತ್ರಿ 9:40

ಟೀಚರ್, ನನ್ನ ಮೂರನೇತ್ತದ ಮಕ್ಕಳಿಗೂ ಹಿಂತಾದೊಂದು ಬೇಕ್ರಿ. ಲೋಲಕ ಅವರಿಗೆ ಭಾರ ಆಗತೈತಿ.

ಒಂಬತ್ತನೇ_ಬಿ · ಅಕ್ಟೋಬರ್ 19, ರಾತ್ರಿ 9:55

ಅಕ್ಕೋರೇ, ಹೆಸರುಕಾಳು ಮಾಡಿಸಿ. ನಾಲ್ಕು ಲೋಟ, ಒದ್ದೆ ಹತ್ತಿ. ಒಂದಕ್ಕೆ ನೀರು ಕೊಡಬೇಡಿ, ಒಂದನ್ನು ಬೀರುವಿನೊಳಗೆ ಕತ್ತಲಲ್ಲಿ ಇಡಿ. ಉಳಿದ ಎರಡು ಲೋಟಕ್ಕೆ ಏನು ಮಾಡಬೇಕು ಎಂದು ನೀವು ಹೇಳಬೇಡಿ, ಮಕ್ಕಳೇ ಹೇಳಲಿ. ಮೂರನೇ ದಿನ ಅವರು ಏನೆಂದರು ಎಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.